ದೋಣಿಗೆ ಮೂವರು ಬೇಕು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು 'ಸ' ಅನ್ನೋಣ. ವಯಸ್ಸು 26. ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಬಂದವನು ಈಗ ಹುಬ್ಬಳ್ಳಿಯಲ್ಲಿ ತಂದೆಯ ಅಂಗಡಿ ನೋಡಿಕೊಳ್ಳುತ್ತಾನೆ. "ಮಾತಾಡೋದೇ ಬಿಟ್ಟಾನ್ರೀ" ಅಂತ ತಾಯಿ ನನ್ನ ಬಳಿ ಆಪ್ತಸಲಹೆಗೆ ಕರೆತಂದಿದ್ದರು. ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವುದು ಮನೆಯವರ ಲೆಕ್ಕ. ಎಲ್ಲರ ಮನೆಯ ಲೆಕ್ಕವೂ ಅದೇ, ಬಿಡಿ.

ಎರಡನೇ ಭೇಟಿಯಲ್ಲಿ ಮೊಬೈಲ್ ತೆಗೆದು ತನ್ನ ಕಾಲೇಜಿನ ವಾಟರ್ ಸ್ಕೀಯಿಂಗ್ ತಂಡದ ವಿಡಿಯೊ ತೋರಿಸಿದ. ದೋಣಿ ಎಳೆಯುವ ಹಗ್ಗ ಹಿಡಿದು, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವ ಆಟ. ಅದರಲ್ಲಿ ಸ್ಲಾಲಂ ಅನ್ನುವ ಸ್ಪರ್ಧೆಯಲ್ಲಿ ಆರು ತೇಲುಗುಂಡುಗಳನ್ನು ಸುತ್ತಬೇಕು. ಆರನ್ನೂ ಸುತ್ತಿ ಮುಗಿಸಿದರೆ ಮುಂದಿನ ಸುತ್ತಿಗೆ ದೋಣಿಯ ವೇಗ ಏರುತ್ತದೆ, ಗಂಡಸರಿಗೆ ಗಂಟೆಗೆ 58 ಕಿ.ಮೀ. ತನಕ. ಆಮೇಲೆ 18.25 ಮೀಟರಿನ ಹಗ್ಗವನ್ನು ಗಿಡ್ಡ ಮಾಡುತ್ತ ಬರುತ್ತಾರೆ. ಗುಂಡುಗಳು ದೋಣಿ ಸಾಗುವ ನಡುಗೆರೆಯಿಂದ 11.5 ಮೀಟರ್ ದೂರ. ಹಗ್ಗ ಅದಕ್ಕಿಂತ ಗಿಡ್ಡವಾದರೆ ಮೈ ಚಾಚಿಯೇ ಸುತ್ತಬೇಕು. ಅರ್ಧ ಗಂಟೆ ಬಿಡದೆ ಮಾತಾಡಿದ.

ಇಲ್ಲಿ ತಪ್ಪಿದ್ದು ನಾನು. ಅವನಿಗೆ ಬೇಕಿರುವುದು ನೀರು ಅಂದುಕೊಂಡು "ಈಜುಕೊಳಕ್ಕೆ ಹೋಗು" ಅಂದೆ. ನಾಲ್ಕು ದಿನ ಹೋಗಿ ಬಿಟ್ಟ. ಆಮೇಲೆ, ಏನೇನು ನೆನಪಾಗುತ್ತದೋ ಒಂದು ವಾರ ಬರೆದಿಡು ಅಂದೆ. ಆ ಪಟ್ಟಿಯಲ್ಲಿ ಸ್ಕೀ ಬಂದದ್ದು ಒಂದೇ ಸಲ. ಉಳಿದದ್ದೆಲ್ಲ ಬೆಳಗಿನ ಐದಕ್ಕೆ ಬಾಗಿಲು ಬಡಿಯುತ್ತಿದ್ದ ಗೆಳೆಯ, ಚಂದಾ ಎತ್ತಿ ಹಾಕಿಸಿದ ಪೆಟ್ರೋಲು, ಬಿದ್ದವನ ಮೇಲೆ ಕಣ್ಣಿಡುವ ಸರದಿ. ಈ ಆಟ ಒಬ್ಬನಿಂದ ಆಗುವುದಿಲ್ಲ. ಹಗ್ಗ ಹಿಡಿಯುವವನು, ದೋಣಿ ಓಡಿಸುವವನು, ಹಿಂದೆ ತಿರುಗಿ ನೋಡುತ್ತ ಕೂರುವವನು, ಮೂವರು ಬೇಕು. ಆ ಮೂರನೆಯವನನ್ನು ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಕಾನೂನೇ ಕೇಳುತ್ತದೆ, ಕೆಲವೆಡೆ ಅವನ ಬದಲು ದೋಣಿಯಲ್ಲಿ ಹಿಂದೆ ಕಾಣಿಸುವ ಕನ್ನಡಿ ಇದ್ದರೆ ಸಾಕು. ಅವನು ಕಳೆದುಕೊಂಡದ್ದು ಆ ದೋಣಿಯ ಜಾಗ.

ಅಲ್ಲೇ ಉಳಿದ ಗೆಳೆಯರಿಬ್ಬರೂ ಆಟ ಬಿಟ್ಟಿದ್ದರಂತೆ. ದೋಣಿ ಕಾಲೇಜು ಕ್ಲಬ್ಬಿನದು, ಡಿಗ್ರಿ ಮುಗಿದರೆ ಅದೂ ಮುಗಿಯಿತು. ಸ್ವಂತಕ್ಕೆ ಕೊಳ್ಳೋದು ಸುಮ್ನೆ ಮಾತಲ್ಲ. ಇದು ಗೊತ್ತಾದ ಮೇಲೆ ಅವನಿಗೆ ಸ್ವಲ್ಪ ಹಗುರವಾಯಿತು.

ಹಾಗಾಗಿ ಸಲಹೆ ಬದಲಿಸಿದೆ. ಭಾನುವಾರ ರಾತ್ರಿ, ಅಲ್ಲಿ ಬೆಳಗಾದಾಗ, ಹಳೆಯ ತಂಡದ ಹೊಸ ಹುಡುಗರ ವಿಡಿಯೊ ನೋಡಿ ತಿರುವು ತಿದ್ದುವುದು. ತಿಂಗಳಿಗೊಮ್ಮೆ ಗಣೇಶಗುಡಿಗೆ ಹೋಗಿ ಕಾಳಿ ನದಿಯಲ್ಲಿ ಕಯಾಕ್ ಹತ್ತುವುದು. ಆದರೆ ಒಬ್ಬನೇ ಹೋಗಕೂಡದು, ಊರಿನ ಇಬ್ಬರು ಜೊತೆಗಿರಬೇಕು. ಇದು ಸ್ಕೀಯಿಂಗ್ ಅಲ್ಲ ಅಂತ ಮುಚ್ಚುಮರೆಯಿಲ್ಲದೆ ಹೇಳಿದೆ. ಉಣಕಲ್ ಕೆರೆಯಲ್ಲಿ ಸ್ಕೀ ಮಾಡುವ ಕನಸೂ ಬೇಡ ಅಂದೆ. ಮದುವೆ ಮಾತು ಆರು ತಿಂಗಳು ಬೇಡ ಅಂದದ್ದು ಮಾತ್ರ ತಾಯಿಗೆ ಹಿಡಿಸಲಿಲ್ಲ.

ಮೂರನೇ ತಿಂಗಳು ತಾನಾಗಿಯೇ ಬಂದ. ಪಕ್ಕದ ಅಂಗಡಿಯ ಇಬ್ಬರು ಜೊತೆಯಾಗಿದ್ದಾರೆ. ಒಬ್ಬನಿಗೆ ಈಜು ಬರೋದಿಲ್ಲ. ಅವನಿಗೆ ಕಲಿಸಲೆಂದು 'ಸ' ಮತ್ತೆ ಅದೇ ಈಜುಕೊಳಕ್ಕೆ ಹೋಗುತ್ತಿದ್ದಾನೆ.