ಚಾವಣಿಯೇ ಇಲ್ಲದ ಮೇಲೆ ಏಣಿ ಇತ್ತು ಅಂತ ಹೇಗೆ ಹೇಳ್ತಾರೆ?

ಪ್ರಶ್ನೆ: ಟರ್ಕಿ ಪ್ರವಾಸದಲ್ಲಿ ಕೊನ್ಯಾ ಹತ್ತಿರದ ಚಾತಾಲ್‌ಹೊಯುಕ್ ನೋಡಿ ಬಂದೆವು. ಒಂಬತ್ತು ಸಾವಿರ ವರ್ಷ ಹಳೆಯ ಊರಂತೆ. ಮನೆಗಳಿಗೆ ಬಾಗಿಲಿರಲಿಲ್ಲ, ಜನ ಚಾವಣಿ ಮೇಲಿಂದ ಏಣಿಯಲ್ಲಿ ಒಳಗಿಳಿಯುತ್ತಿದ್ದರು ಎಂದು ಗೈಡ್ ಹೇಳಿದರು. ಆದರೆ ಅಲ್ಲಿ ಒಂದು ಚಾವಣಿಯೂ ಕಾಣಲಿಲ್ಲ. ಇದೆಲ್ಲ ಊಹೆಯೇ? ಒಂದು ಕೋಣೆಯನ್ನು ತೋರಿಸಿ ದೇವಿಯ ಗುಡಿ ಅಂದರು, ಅದೂ ನಿಜವೇ? ಇಷ್ಟು ವರ್ಷ ಅಗೆದರೂ ದಿಬ್ಬದ ಹೆಚ್ಚಿನ ಭಾಗ ಹಾಗೇ ಬಿಟ್ಟಿದ್ದಾರಲ್ಲ, ಯಾಕೆ?
– ಓದುಗರು, ದಾವಣಗೆರೆ

ಉತ್ತರ: ಅನುಮಾನ ಬಂದದ್ದು ಒಳ್ಳೆಯದೇ. ಆದರೆ ಏಣಿಯ ವಿಷಯದಲ್ಲಿ ನಿಮ್ಮ ಗೈಡ್ ಹೇಳಿದ್ದು ಸರಿ.

ಮೊದಲು ಗೋಡೆಗಳನ್ನೇ ನೋಡಿ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಬೀದಿಗಳಿಲ್ಲ. ಹೊರಗೋಡೆಗಳಲ್ಲಿ ಬಾಗಿಲಿಗೆ ಬಿಟ್ಟ ಜಾಗವಿಲ್ಲ. ಒಳಗೆ ದೊಡ್ಡ ಕೋಣೆಯಿಂದ ಪಕ್ಕದ ಉಗ್ರಾಣಕ್ಕೆ ಬಗ್ಗಿ ನುಸುಳುವಂಥ ಕಿಂಡಿ ಇರುತ್ತದೆ, ಅಷ್ಟೇ. ಇನ್ನು ಒಲೆ. ಹೆಚ್ಚಿನ ಮನೆಗಳಲ್ಲಿ ಅದು ದಕ್ಷಿಣದ ಗೋಡೆಯ ಬಳಿಯೇ ಇದೆ. ಅದೇ ಗೋಡೆಯ ಗಿಲಾವಿನ ಮೇಲೆ ಓರೆಯಾಗಿ ಏಣಿ ಒರಗಿದ್ದ ಗುರುತು ಕೆಲವು ಮನೆಗಳಲ್ಲಿ ಸ್ಪಷ್ಟವಾಗಿ ಸಿಕ್ಕಿದೆ. ಅಂದರೆ ಹೊಗೆ ಹೋಗುವುದಕ್ಕೂ ಜನ ಬರುವುದಕ್ಕೂ ಒಂದೇ ಕಂಡಿ! ಒಳಗೆ ಹೊಗೆ ಎಷ್ಟಿತ್ತು ಅನ್ನುವುದಕ್ಕೆ ವಯಸ್ಸಾದವರ ಅಸ್ಥಿಪಂಜರಗಳೇ ಸಾಕ್ಷಿ: ಪಕ್ಕೆಲುಬುಗಳ ಒಳಬದಿಯಲ್ಲಿ ಮಸಿ ಕೂತಿದೆ. ಚಾವಣಿ ಪೂರ್ತಿ ಮಾಯವಾಗಿದೆ ಅನ್ನುವುದೂ ನಿಜವಲ್ಲ. ಒಂದು ಮನೆಯೊಳಗೆ ಕುಸಿದು ಬಿದ್ದ ಚಾವಣಿಯ ಮಣ್ಣಿನ ತುಂಡುಗಳು ಸಿಕ್ಕವು. ಅದರ ಮೇಲೂ ಜನ ಕೂತು ಕೆಲಸ ಮಾಡಿದ್ದರು ಎಂದು ಆ ತುಂಡುಗಳ ಪದರಗಳಿಂದ ತಿಳಿಯಿತು.

ಗುಡಿಯ ಮಾತಿಗೆ ಮಾತ್ರ ನನ್ನ ತಕರಾರಿದೆ. ಪುರಾತತ್ವಜ್ಞ ಜೇಮ್ಸ್ ಮೆಲಾರ್ಟ್ 1961ರಿಂದ 1965ರ ನಡುವೆ ನಾಲ್ಕು ಸಲ ಅಗೆತ ನಡೆಸಿ ನೂರಕ್ಕೂ ಜಾಸ್ತಿ ಕಟ್ಟಡಗಳನ್ನು ಹೊರತೆಗೆದರು. ತುಂಬಾ ವೇಗದ ಕೆಲಸ. ಗೋಡೆಯಲ್ಲಿ ಗೂಳಿಯ ಕೊಂಬು, ಚಿತ್ರ ಕಂಡ ಕೋಣೆಗಳಿಗೆ ಅವರು ಗುಡಿ ಎಂದು ಹೆಸರಿಟ್ಟರು. 1993ರಲ್ಲಿ ಇಯಾನ್ ಹಾಡರ್ ತಂಡ ಕೆಲಸ ಶುರು ಮಾಡಿ ಇಪ್ಪತ್ತೈದು ವರ್ಷ ನಡೆಸಿತು. ಇವರು ಒಂದೊಂದು ಮನೆಗೆ ವರ್ಷಗಟ್ಟಲೆ ಸಮಯ ಕೊಟ್ಟರು. ನೆಲದ ಮಣ್ಣಿನ ಸಣ್ಣ ಗಟ್ಟಿಗಳನ್ನು ಕತ್ತರಿಸಿ, ರಾಳ ತುಂಬಿ ಗಟ್ಟಿ ಮಾಡಿ, ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆ ‘ಗುಡಿ’ಗಳ ನೆಲದಲ್ಲೂ ಅಡುಗೆಯ ಬೂದಿ, ಕಪ್ಪು ಗಾಜುಕಲ್ಲಿನ ಆಯುಧ ಮಾಡುವಾಗ ಉದುರಿದ ಚೂರು ಕಂಡವು. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು. ಪೂಜೆಯಂಥದ್ದು ಏನಾದರೂ ನಡೆದಿದ್ದರೆ ಅದು ಒಲೆಯ ಪಕ್ಕದಲ್ಲೇ ನಡೆದಿದೆ.

ಗೋಡೆಯೂ ಹೀಗೆಯೇ ಕತೆ ಹೇಳುತ್ತದೆ. ಹಬ್ಬಕ್ಕೆ ಸುಣ್ಣ ಬಳಿಯುವ ಹಾಗೆ ಇವರು ಬಿಳಿ ಜೇಡಿಮಣ್ಣನ್ನು ಮತ್ತೆ ಮತ್ತೆ ಬಳಿದರು. ಒಂದೇ ಗೋಡೆಯಲ್ಲಿ ಕಾಗದದಷ್ಟು ತೆಳುವಾದ ನೂರಾರು ಪದರ, ನಡುನಡುವೆ ಒಲೆಯ ಮಸಿ. ಕೆಲವು ಪದರಗಳ ಮೇಲೆ ಕೆಂಪು ಬಣ್ಣದ ಚಿತ್ರವಿದೆ. ಅದನ್ನೂ ಮುಂದಿನ ಸಲ ಬಿಳಿ ಬಳಿದು ಮುಚ್ಚಿದ್ದಾರೆ. ಚಿತ್ರವನ್ನು ಕೆಲವೇ ದಿನ ನೋಡಿ ಮುಚ್ಚುವವರಿಗೆ ಅದು ಅಲಂಕಾರಕ್ಕೆ ಬೇಕಿತ್ತು ಎಂದು ನನಗೆ ಅನಿಸುವುದಿಲ್ಲ. ಜಗಲಿಗಳ ಕೆಳಗೆ ತೀರಿಹೋದವರನ್ನು ಹೂಳುತ್ತಿದ್ದರು. ಒಂದೇ ಮನೆಯಲ್ಲಿ 60ಕ್ಕೂ ಹೆಚ್ಚು ಜನರ ಅಸ್ಥಿ ಸಿಕ್ಕಿದೆ. ಜಗಲಿ ಅಗೆದು, ಹೂತು, ಮತ್ತೆ ಗಿಲಾವು ಹಾಕಿ ಅದೇ ಮನೆಯಲ್ಲಿ ಬಾಳುತ್ತಿದ್ದರು.

ಈಗ ನಿಮ್ಮ ಕೊನೆಯ ಪ್ರಶ್ನೆ. ಇಲ್ಲಿ ಹಳೆಯ ಮನೆ ಸುಮ್ನೆ ಬಿದ್ದುಹೋಗುವುದು ಕಡಿಮೆ. ಮನೆಯವರೇ ಕಂಬ ಕಿತ್ತು, ಚಾವಣಿ ಇಳಿಸಿ, ಗೋಡೆಯ ಮೇಲ್ಭಾಗ ಕೆಡವಿ, ಒಳಗೆ ಮಣ್ಣು ತುಂಬುತ್ತಿದ್ದರು. ಉಳಿದ ಮೋಟುಗೋಡೆಯೇ ಹೊಸ ಮನೆಗೆ ಪಾಯ. ಸಾವಿರ ವರ್ಷಕ್ಕೂ ಮಿಕ್ಕಿ ಹೀಗೇ ನಡೆದು ದಿಬ್ಬ 21 ಮೀಟರ್ ಎದ್ದಿದೆ. ಹೀಗಾಗಿ ಕೆಳಗಿನ ಮನೆ ನೋಡಬೇಕೆಂದರೆ ಮೇಲಿನದನ್ನು ಬಿಚ್ಚಿ ತೆಗೆಯಲೇಬೇಕು, ತೆಗೆದದ್ದು ಮತ್ತೆ ಬರುವುದಿಲ್ಲ. ಫೋಟೊ, ನಕ್ಷೆ, ಪ್ರತಿ ಪದರಕ್ಕೆ ಹಾಕಿದ ನಂಬರು, ಜರಡಿ ಹಿಡಿದು ಸಿಕ್ಕ ಕಾಳು-ಮೂಳೆ ಇಷ್ಟೇ ಕೈಯಲ್ಲಿ ಉಳಿಯುವುದು. ಮೆಲಾರ್ಟ್ ಕಾಲದಲ್ಲಿ ನೆಲದ ಮಣ್ಣನ್ನು ಇಷ್ಟು ಸೂಕ್ಷ್ಮವಾಗಿ ಓದುವ ರೂಢಿ ಇರಲಿಲ್ಲ. ಆ ಮನೆಗಳ ನೆಲ ಈಗ ಯಾರಿಗೂ ಸಿಗದು. ಇನ್ನು ಐವತ್ತು ವರ್ಷಕ್ಕೆ ಬರುವವರ ಬಳಿ ನಮಗಿಂತ ಒಳ್ಳೆಯ ವಿಧಾನ ಇರುತ್ತದೆ ಅಲ್ವಾ? ಅವರಿಗೂ ಮನೆಗಳು ಉಳಿದಿರಬೇಕು. ಜೊತೆಗೆ, ತೆರೆದಿಟ್ಟ ಹಸಿ ಇಟ್ಟಿಗೆ ಒಣಗಿ ಬಿರಿಯುತ್ತದೆ, ಗಿಲಾವು ಕಳಚುತ್ತದೆ. ಅಲ್ಲಿನ ದೊಡ್ಡ ಮಾಡುಗಳನ್ನು ಕಟ್ಟಿದ್ದು ಅದಕ್ಕೇ. ಅವು ಇದ್ದರೂ ದುರಸ್ತಿ ಕೆಲಸ ಮುಗಿಯುವುದೇ ಇಲ್ಲ.

ಒಂದು ಮಾತು: ಪ್ರವೇಶದ ಹತ್ತಿರ ನೀವು ಒಳಗೆ ಹೋಗಿ ನೋಡಿರಬಹುದಾದ ಮನೆ ಹೊಸದಾಗಿ ಕಟ್ಟಿದ ಮಾದರಿ. ನಿಜವಾದವು ಮಾಡುಗಳ ಕೆಳಗಿವೆ. ಮೆಲಾರ್ಟ್‌ಗೆ ಸಿಕ್ಕ ಗೋಡೆಚಿತ್ರಗಳು, ಆಸನದ ಮೇಲೆ ಕೂತ ಪ್ರಸಿದ್ಧ ಹೆಂಗಸಿನ ಮೂರ್ತಿ ಅಂಕಾರಾದ ಅನಟೋಲಿಯನ್ ನಾಗರಿಕತೆಗಳ ಮ್ಯೂಸಿಯಂನಲ್ಲಿವೆ.