ಎಂ6ಗೆ 50ಎಂಎಂ: ಸೋನಾರಾ, ನೋಕ್ಟನ್ನಾ?

ಲೈಕಾ ಎಂ6 ಫಿಲ್ಮ್ ಕ್ಯಾಮೆರಾಗೆ, ರಾತ್ರಿ ಮನೆ ಲೈಟಲ್ಲಿ ಮಕ್ಕಳ ಫೋಟೋ ತೆಗಿಯೋಕೆ ಜೈಸ್ ಸಿ ಸೋನಾರ್ ಲೆನ್ಸ್ ತಗೊಳ್ಲಾ, ಫೋಕ್ಟ್‌ಲೆಂಡರ್ ನೋಕ್ಟನ್ ಲೆನ್ಸ್ ತಗೊಳ್ಲಾ ಅಂತ ಕೇಳಿದೀರ. ಎರಡೂ 50ಎಂಎಂ ಎಫ್1.5 (ಎಫ್ ನಂಬರ್ ಕಮ್ಮಿ ಇದ್ದಷ್ಟೂ ಜಾಸ್ತಿ ಬೆಳಕು ಒಳಗೆ ಬರುತ್ತೆ), ಪೇಪರಲ್ಲಿ ಒಂದೇ ಥರ ಕಾಣ್ಸುತ್ತೆ, ಆದ್ರೆ ಸ್ವಭಾವ ಪೂರ್ತಿ ಬೇರೆ ಗುರೂ.

ಸೋನಾರ್ ಅಂದ್ರೆ ಜೈಸ್‌ನ ಲೆನ್ಸ್ ಡಿಸೈನರ್ ಬರ್ಟೆಲೆ 1930ರ ದಶಕದಲ್ಲಿ ಮಾಡಿದ ಡಿಸೈನಿನ ಮೊಮ್ಮಗ, ಮುಖ ಎಲ್ಲ ಬೆಣ್ಣೆ ಥರ ಬರುತ್ತೆ, ಅದಕ್ಕೇ ಜನ ಮರುಳಾಗೋದು. ತೊಂದ್ರೆ ಏನಂದ್ರೆ ಫೋಕಸ್ ಶಿಫ್ಟ್, 1.5ರಿಂದ 2.8ಗೆ ಅಪರ್ಚರ್ (ಬೆಳಕು ಬರೋ ಕಿಂಡಿ) ಮುಚ್ಚಿದ ಹಾಗೆ ಫೋಕಸ್ ಹಿಂದಕ್ಕೆ ಜಾರುತ್ತೆ, ಎಂ6 ಥರದ ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸ್ ಮೂಲಕ ನೋಡಲ್ವಲ್ಲ, ಬೇರೆ ಕಿಟಕಿಲಿ ಎರಡು ಬಿಂಬ ಒಂದಾಗೋ ಪ್ಯಾಚ್ ಕರೆಕ್ಟಾಗಿ ಕೂತಿರತ್ತೆ, ಪ್ರಿಂಟ್ ಬಂದ್ಮೇಲೆ ನೋಡಿದ್ರೆ ಕಣ್ಣು ಮಬ್ಬು ಕಿವಿ ಶಾರ್ಪು. ನಾನು ಇಂಥ ಒಂದಿಡೀ ರೋಲ್ ಹಾಳ್ಮಾಡ್ಕೊಂಡಿದೀನಿ 😅 ಸೆಕೆಂಡ್‌ಹ್ಯಾಂಡ್ ಆದ್ರೆ ಆ ಪೀಸು ಯಾವ ಅಪರ್ಚರ್‌ಗೆ ಅಡ್ಜಸ್ಟ್ ಆಗಿದೆ ಅಂತ ಮೊದ್ಲು ಟೆಸ್ಟ್ ಮಾಡಿ.

ಇನ್ನೊಂದು, ಸೋನಾರ್‌ನ ಹತ್ತಿರದ ಫೋಕಸ್ 0.9 ಮೀಟರಿಗೇ ನಿಂತೋಗುತ್ತೆ, ಎಂ ಮೌಂಟ್ (ಲೈಕಾ ಎಂ ಕ್ಯಾಮೆರಾಗೆ ನೇರ ಕೂರೋ) ನೋಕ್ಟನ್ 0.7 ತನಕ ಹೋಗುತ್ತೆ, ಮಕ್ಕಳಿಗೆ ಆ 20 ಸೆಂಟಿಮೀಟರ್ ಬೇಕೇ ಬೇಕು. ಓಡಾಡೋ ಮಕ್ಕಳಾದ್ರೆ ನನ್ ಓಟು ನೋಕ್ಟನ್‌ಗೆ. ಹಾಗೆ ನೋಡಿದ್ರೆ ಎಫ್2 ಲೆನ್ಸಿಗೂ ಈ ಎಫ್1.5ಕ್ಕೂ ಒಂದು ಸ್ಟಾಪ್ (ಅಂದ್ರೆ ಎರಡು ಪಟ್ಟು ಬೆಳಕು) ಕೂಡ ಪೂರ್ತಿ ವ್ಯತ್ಯಾಸ ಇಲ್ಲ, ಎಫ್2 ತಗೊಂಡು ದುಡ್ಡು ಉಳಿಸಿ ಕಮ್ಮಿ ಬೆಳಕಿಗೆ ಆಗೋ 800 ಸ್ಪೀಡ್ ಫಿಲ್ಮ್ ಹಾಕಿದ್ರೂ ನಡಿಯುತ್ತೆ.