ಜ್ವರದಲ್ಲಿ ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ

ಪ್ರಶ್ನೆ: ನನ್ನ ಮಗನಿಗೆ ಒಂದೂವರೆ ವರ್ಷ, 10 ಕೆ.ಜಿ. ತೂಕ. ಕಳೆದ ವಾರ ಸಂಜೆ ಮೈ ಸ್ವಲ್ಪ ಬೆಚ್ಚಗಿತ್ತು, ಅಷ್ಟೆ. ನೋಡನೋಡುತ್ತಿದ್ದಂತೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡು ಅದುರತೊಡಗಿದ. ನಮ್ಮತ್ತೆ ಅವನ ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು. ನಮ್ಮ ಮನೆಯವರು ಬಾಯಿಗೆ ಚಮಚ ಇಟ್ಟರು. ಎರಡು ನಿಮಿಷದಲ್ಲಿ ನಿಂತಿತು. ಆಸ್ಪತ್ರೆಯಲ್ಲಿ ‘ಜ್ವರದ ಫಿಟ್ಸ್, ಭಯ ಬೇಡ’ ಎಂದು ಕಳಿಸಿದರು. ಮತ್ತೆ ಬಂದರೆ ಏನು ಮಾಡಲಿ ಸಿಸ್ಟರ್? ಇದು ಮೂರ್ಛೆರೋಗ ಆಗುತ್ತಾ? ಮುಂದಿನ ತಿಂಗಳು ಲಸಿಕೆ ಇದೆ, ಹಾಕಿಸಬಹುದಾ? ಜ್ವರಕ್ಕೆ ಬೇಗ ಔಷಧಿ ಕೊಟ್ಟಿದ್ದರೆ ಇದು ತಪ್ಪುತ್ತಿತ್ತಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ (ಮಕ್ಕಳ ವಾರ್ಡಿನ ಹಿರಿಯ ಶುಶ್ರೂಷಕಿ): ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಇಲ್ಲಮ್ಮ, ತಪ್ಪುತ್ತಿರಲಿಲ್ಲ. ಪ್ಯಾರಾಸಿಟಮಾಲ್ ಮಗುವಿನ ಮೈಕೈ ನೋವು, ಕಿರಿಕಿರಿ ಇಳಿಸುತ್ತದೆ. ಫಿಟ್ಸ್ ತಡೆಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಗುವಿಗೆ ಜ್ವರ ಇದೆ ಎಂದು ಗೊತ್ತಾಗುವುದೇ ಫಿಟ್ಸ್ ಬಂದ ಮೇಲೆ. ಆ ಸಂಜೆಯನ್ನು ನೆನೆದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಮತ್ತೆ ಬಂದರೆ ಮೊದಲು ಗಡಿಯಾರ ನೋಡಿ. ‘ಎಷ್ಟು ಹೊತ್ತು ಬಂತು?’ ಎಂದು ಕೇಳಿದರೆ ಅಪ್ಪ ಅಮ್ಮ ‘ಅರ್ಧ ಗಂಟೆ ಸಿಸ್ಟರ್’ ಎನ್ನುತ್ತಾರೆ. ಜೊತೆಗೆ ಬಂದ ಪಕ್ಕದ ಮನೆಯವರು ‘ಹಾಲು ಉಕ್ಕುವಷ್ಟರಲ್ಲಿ ನಿಂತಿತ್ತು’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹೆತ್ತವರಿಗೆ ಆ ಎರಡು ನಿಮಿಷ ಮುಗಿಯುವುದೇ ಇಲ್ಲ. ಆದರೆ ನಾವು ಮುಂದೆ ಏನು ಮಾಡಬೇಕು ಎನ್ನುವುದು ಆ ನಿಮಿಷಗಳ ಲೆಕ್ಕದ ಮೇಲೇ ಇರುತ್ತದೆ. ಇನ್ನೊಬ್ಬರು ಇದ್ದರೆ ಮೊಬೈಲಲ್ಲಿ ವಿಡಿಯೊ ಮಾಡಲಿ. ಒಂದೇ ಕಡೆ ಅದುರಿತಾ, ಎರಡೂ ಕಡೆಯಾ ಎಂದು ಡಾಕ್ಟರ್ ಕೇಳಿಯೇ ಕೇಳುತ್ತಾರೆ.

ಮಗುವನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗುತ್ತದೆ. ಕುತ್ತಿಗೆ ಹತ್ತಿರದ ಗುಂಡಿ ಬಿಚ್ಚಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಏನೂ ಬೇಡ. ಚಮಚ, ಬೆರಳು, ನೀರು, ಸಿರಪ್ ಯಾವುದೂ ಬೇಡ. ನಾಲಿಗೆ ನುಂಗಿಬಿಡುತ್ತದೆ ಎನ್ನುವುದು ಬರೀ ಹೆದರಿಕೆ. ಕಚ್ಚಿಕೊಂಡ ನಾಲಿಗೆ ವಾಸಿಯಾಗುತ್ತದೆ. ಚಮಚಕ್ಕೆ ಮುರಿದ ಹಲ್ಲು ಗಂಟಲಿಗೆ ಇಳಿದರೆ ಕಷ್ಟ. ಒಮ್ಮೆ ಅಪ್ಪನೊಬ್ಬ ಮಗನ ಬಾಯಿಗೆ ಬೆರಳು ಕೊಟ್ಟು ಚೆನ್ನಾಗಿ ಕಚ್ಚಿಸಿಕೊಂಡಿದ್ದ. ಮಗ ಎದ್ದು ಬಿಸ್ಕತ್ತು ತಿನ್ನುತ್ತಿದ್ದ, ನಾನು ಅಪ್ಪನ ಬೆರಳಿಗೆ ಹೊಲಿಗೆಯ ಟ್ರೇ ಜೋಡಿಸುತ್ತಿದ್ದೆ.

ಇನ್ನು ಬೀಗದ ಕೈ. ಅದನ್ನು ಹುಡುಕಿ ತರುವಷ್ಟರಲ್ಲಿ ಫಿಟ್ಸ್ ತಾನಾಗೇ ನಿಲ್ಲುವ ಹೊತ್ತಾಗಿರುತ್ತದೆ. ಹೆಸರು ಮಾತ್ರ ಬೀಗದ ಕೈಗೆ! ಅತ್ತೆಯವರ ಜೊತೆ ಜಗಳ ಬೇಡ, ಗಡಿಯಾರ ನೋಡುವ ಕೆಲಸ ಅವರಿಗೇ ಕೊಡಿ. ಆದರೆ ಯಾರಾದರೂ ‘ಬಾಲಗ್ರಹ, ಬರೆ ಹಾಕಿಸಿ’ ಎಂದರೆ ಮಾತ್ರ ಬಗ್ಗಬೇಡಿ. ಬರೆ ಕೀವಾಗಿ ಬಂದ ಕೂಸುಗಳಿಗೆ ಡ್ರೆಸ್ಸಿಂಗ್ ಮಾಡಿದ್ದೇನೆ. ಆ ಅಳು ಕೇಳಲಾಗುವುದಿಲ್ಲ.

5 ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಬಗ್ಗೆ ನಿಮ್ಮ ಡಾಕ್ಟರನ್ನು ಈಗಲೇ ಕೇಳಿ. ಅವರು ಬರೆದುಕೊಟ್ಟರೆ ಎಷ್ಟು ಸಲ ಒತ್ತಬೇಕು ಎನ್ನುವುದನ್ನು ಡಬ್ಬಿಯ ಮೇಲೇ ಬರೆಸಿಕೊಳ್ಳಿ. ಆ ಗಾಬರಿಯಲ್ಲಿ ಚೀಟಿ ಹುಡುಕಲು ಆಗುವುದಿಲ್ಲ.

ನಿಂತ ಮೇಲೆ ಮಗು ಸ್ವಲ್ಪ ಹೊತ್ತು ಮಂಪರಿನಲ್ಲಿರುವುದು ಸಹಜ. ಗಂಟೆಯಾದರೂ ಸರಿಯಾಗಿ ಎಚ್ಚರವಾಗದಿದ್ದರೆ, ಕತ್ತು ಸೆಟೆದಿದ್ದರೆ, ವಾಂತಿ ನಿಲ್ಲದಿದ್ದರೆ, ಒಂದೇ ಪಕ್ಕ ಅದುರಿದರೆ, ಅದೇ ದಿನ ಮತ್ತೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಿದುಳಿನ ಸೋಂಕು ಕೂಡ ಹೀಗೇ ಶುರುವಾಗಬಹುದು. ಬೇಗ ನಿಂತರೂ ಅವತ್ತೇ ತೋರಿಸಿ. ಜ್ವರ ಯಾಕೆ ಬಂತು ಅಂತ ನೋಡಬೇಕಲ್ವಾ?

6 ತಿಂಗಳಿಂದ 5 ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ಅವರಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಇನ್ನೊಮ್ಮೆ ಬರಬಹುದು. ನಿಮ್ಮ ಮಗನಿಗೆ ಬಂದಂಥ ಚಿಕ್ಕ ಫಿಟ್ಸ್‌ನಿಂದ ಬುದ್ಧಿಗೆ, ಮಾತಿಗೆ ಏನೂ ಆಗುವುದಿಲ್ಲ. ಇಂಥ ಮಕ್ಕಳಲ್ಲಿ ಬಹುಪಾಲು ಜನರಿಗೆ ಮೂರ್ಛೆರೋಗವೂ ಬರುವುದಿಲ್ಲ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್ ಕೊಡುವಾಗ ಒಂದು ಎಚ್ಚರ. 5 ಎಂ.ಎಲ್.ಗೆ 125 ಮಿ.ಗ್ರಾಂ. ಇರುವ ಬಾಟಲಿ ಬೇರೆ, 250 ಇರುವುದು ಬೇರೆ. ನೋಡಲು ಎರಡೂ ಒಂದೇ ಥರ. ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ನಿಮ್ಮ ಮಗನಿಗೆ ಮೊದಲನೆಯದು 6 ಎಂ.ಎಲ್., ಎರಡನೆಯದು 3 ಎಂ.ಎಲ್. ಸಾಕು. ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ ಬಿಡಿ, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಡ. ತಣ್ಣೀರಲ್ಲಿ ಒರೆಸಬೇಡಿ, ಮಗು ನಡುಗುತ್ತದೆ.

ಲಸಿಕೆ ಖಂಡಿತ ಹಾಕಿಸಿ. ಫಿಟ್ಸ್ ಬಂದಿತ್ತು ಎಂದು ಲಸಿಕೆ ಹಾಕುವ ಸಿಸ್ಟರಿಗೆ ಮೊದಲೇ ಹೇಳಿ. ದಡಾರದ ಲಸಿಕೆಯ ಜ್ವರ ಅವತ್ತೇ ಅಲ್ಲ, ವಾರ ಕಳೆದ ಮೇಲೂ ಬರಬಹುದು. ಆ ವಾರ ಊರಿಗೆ ಹೋದರೆ ಸ್ಪ್ರೇ ಬ್ಯಾಗಿನಲ್ಲಿರಲಿ.